ಡಾಕ್ಟರರ ಕಾರಿಗೆ ತಡವಾಗಿ ಸಿಕ್ಕ ಮನ್ನಣೆ

(ಉಪನ್ಯಾಸದ ಪಠ್ಯ)



ಒಳ್ಳೆಯ ಹೆಸರು ಗಳಿಸುವುದು ಕಷ್ಟ. ಗಳಿಸಿದ ಹೆಸರಿನಿಂದ ಹೊರಬರುವುದು ಅದಕ್ಕಿಂತ ಕಷ್ಟ. ಊರಿನಲ್ಲಿ ಗಂಭೀರ ಮೇಷ್ಟ್ರು ಎಂದು ಹೆಸರಾದವರು ಸೊಗಸಾಗಿ ಹಾಡುತ್ತಾರೆಂದರೆ ಯಾರೂ ಥಟ್ಟನೆ ನಂಬುವುದಿಲ್ಲ. ಹಾಡು ಕೇಳಿದ ಮೇಲೂ 'ಅವರೇ ಹಾಡಿದರೇನು?' ಎಂದು ಇನ್ನೊಮ್ಮೆ ವಿಚಾರಿಸುತ್ತಾರೆ. ಮನುಷ್ಯರಿಗೆ ಒದಗುವ ಈ ಪಾಡು ಯಂತ್ರಗಳಿಗೂ ಒದಗುವುದುಂಟು.

ಅಮೆರಿಕದ ಮೋಟಾರು ಚರಿತ್ರೆಯಲ್ಲಿ ಅಂಥದೊಂದು ಕಾರು ಇದೆ. ಅದರ ಹೆಸರು ಬ್ಯೂಯಿಕ್ ಜಿ.ಎಸ್. 455, ಸ್ಟೇಜ್ 1. ತಯಾರಾದದ್ದು 1970ರಲ್ಲಿ. ಆ ದೇಶದಲ್ಲಿ ಅಂದು ಓಡುತ್ತಿದ್ದ ಅತಿ ವೇಗದ ಕಾರುಗಳ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ಅದಕ್ಕಿತ್ತು. ಆದರೂ ಹೆಚ್ಚಿನವರು ಅದರತ್ತ ತಿರುಗಿ ನೋಡಲಿಲ್ಲ. ಒಂದು ಮಾಸಪತ್ರಿಕೆ ಅದರ ವೇಗವನ್ನು ಅಳೆದು ಅಚ್ಚು ಹಾಕಿತು. ಹದಿನೈದು ವರ್ಷಗಳ ಆಸುಪಾಸಿನಲ್ಲಿ ಇನ್ನೊಂದು ಪತ್ರಿಕೆ ಆ ಹಳೆಯ ಪುಟವನ್ನು ತೆರೆದು ನೋಡಿತು. ಆ ಮೇಲೆ ಕಾರಿನ ಹಣೆಬರಹವೇ ಬದಲಾಯಿತು.

ಇದು ಬರೀ ಕಾರಿನ ಕಥೆಯಲ್ಲ. ಒಂದು ವಸ್ತುವಿನ ಬೆಲೆಯನ್ನು ನಿರ್ಧರಿಸುವುದು ಯಾವುದು? ಅದರ ಗುಣವೇ, ಅದರ ಹೆಸರೇ, ಇಲ್ಲವೇ ಅದರ ಬಗ್ಗೆ ಬರೆದಿಟ್ಟ ಕಾಗದವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಈ ಕಾರು ಒಳ್ಳೆಯ ಉದಾಹರಣೆ.

ಏಣಿಯ ನಾಲ್ಕನೆಯ ಮೆಟ್ಟಿಲು

ಮೊದಲು ಬ್ಯೂಯಿಕ್ ಎಂಬ ಹೆಸರಿನ ಹಿನ್ನೆಲೆ. ಡೇವಿಡ್ ಡನ್‌ಬಾರ್ ಬ್ಯೂಯಿಕ್ 1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆತಾಯಿಯರೊಂದಿಗೆ ಅಮೆರಿಕಕ್ಕೆ ಬಂದವನು. ಅವನು ಮೊದಲು ಮಾಡುತ್ತಿದ್ದದ್ದು ನಲ್ಲಿ-ಕೊಳಾಯಿಗಳ ವ್ಯಾಪಾರ. ಎರಕದ ಕಬ್ಬಿಣದ ಸ್ನಾನದ ತೊಟ್ಟಿಗೆ ಬಿಳಿಯ ಎನಾಮೆಲ್ ಲೇಪಿಸುವ ವಿಧಾನ ಅವನಿಗೆ ಹಣ ತಂದಿತು. ಆ ಹಣವನ್ನೆಲ್ಲ ಎಂಜಿನ್ನುಗಳ ಹುಚ್ಚಿಗೆ ಸುರಿದ. ಅವನ ಕಂಪನಿ 1904ರಲ್ಲಿ ವಿಲಿಯಂ ಡ್ಯುರಾಂಟ್ ಎಂಬ ಸಾಹಸಿ ಉದ್ಯಮಿಯ ಕೈಸೇರಿತು. ಅದನ್ನೇ ಬುನಾದಿಯಾಗಿಟ್ಟುಕೊಂಡು ಡ್ಯುರಾಂಟ್ 1908ರಲ್ಲಿ ಜನರಲ್ ಮೋಟಾರ್ಸ್ ಕಟ್ಟಿದ. ಕಂಪನಿ ಬೆಳೆದು ಹೆಮ್ಮರವಾಯಿತು. ಡೇವಿಡ್ ಬ್ಯೂಯಿಕ್ ಮಾತ್ರ 1929ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಬಡತನದಲ್ಲೇ ತೀರಿಕೊಂಡ. ತನ್ನ ಹೆಸರು ಹೊತ್ತ ಕಾರುಗಳು ಬೀದಿ ತುಂಬ ಓಡುತ್ತಿದ್ದರೂ ಹೆಸರಿನ ಲಾಭ ಅವನಿಗೆ ದಕ್ಕಲಿಲ್ಲ.

ಮುಂದೆ ಜನರಲ್ ಮೋಟಾರ್ಸ್‌ನ ಚುಕ್ಕಾಣಿ ಹಿಡಿದ ಆಲ್‌ಫ್ರೆಡ್ ಸ್ಲೋನ್ ಕಾರುಗಳ ಒಂದು ಏಣಿಯನ್ನು ನಿಲ್ಲಿಸಿದ. ಎಲ್ಲರ ಜೇಬಿಗೂ ಹೊಂದುವ ಒಂದೊಂದು ಕಾರು ಇರಬೇಕೆಂಬುದು ಅವನ ನೀತಿ. ಕೆಳಗಿನ ಮೆಟ್ಟಿಲು ಷೆವರ್ಲೆ, ಅದರ ಮೇಲೆ ಪಾಂಟಿಯಾಕ್, ಆಮೇಲೆ ಓಲ್ಡ್ಸ್‌ಮೊಬೈಲ್, ನಾಲ್ಕನೆಯದು ಬ್ಯೂಯಿಕ್, ತುತ್ತತುದಿಯಲ್ಲಿ ಕ್ಯಾಡಿಲಾಕ್. ಹೊಸದಾಗಿ ನೌಕರಿಗೆ ಸೇರಿದವನು ಷೆವರ್ಲೆ ಕೊಳ್ಳಬೇಕು, ಸಂಬಳ ಏರಿದಂತೆ ಮೆಟ್ಟಿಲೂ ಏರಬೇಕು.

ಈ ಏಣಿಯಲ್ಲಿ ಬ್ಯೂಯಿಕ್ ಅನುಕೂಲಸ್ಥರ ಕಾರು. ಡಾಕ್ಟರು, ವಕೀಲರು, ಬ್ಯಾಂಕಿನ ಮ್ಯಾನೇಜರು ಇಟ್ಟುಕೊಳ್ಳುವ ಕಾರು. ಸದ್ದು ಕಡಿಮೆ, ಸೀಟು ಮೆತ್ತಗೆ, ಮಾಲೀಕರ ತಲೆಯಲ್ಲಿ ನರೆಗೂದಲು. ಹದಿಹರೆಯದವರು ಬ್ಯೂಯಿಕ್ ಓಡಿಸುವುದಿದ್ದರೆ ಅದು ಅಪ್ಪನ ಕಾರೇ ಆಗಿರುತ್ತಿತ್ತು. ಈ ಕಲ್ಪನೆ ಅಮೆರಿಕನ್ನರ ತಲೆಯಲ್ಲಿ ಎಷ್ಟು ಭದ್ರವಾಗಿ ಕೂತಿತ್ತೆಂಬುದನ್ನು ನೆನಪಿಡಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಸ್ನಾಯುಬಲದ ಕಾರು

ಇಂಗ್ಲಿಷಿನ 'ಮಸಲ್ ಕಾರ್' ಎಂಬ ಮಾತನ್ನು ಸ್ನಾಯುಬಲದ ಕಾರು ಎನ್ನಬಹುದು. ಅದರ ಸೂತ್ರ ಬಹಳ ಸರಳ. ಸಾಮಾನ್ಯ ಸಂಸಾರಸ್ಥರು ಕೊಳ್ಳುವ ಮಧ್ಯಮ ಗಾತ್ರದ ಕಾರಿನ ಒಡಲಿಗೆ ಭಾರಿ ಕಾರುಗಳ ದೊಡ್ಡ ಎಂಜಿನ್ ಕೂರಿಸುವುದು. ಬೆಲೆ ಹೆಚ್ಚೇನೂ ಏರುವುದಿಲ್ಲ, ವೇಗ ಮಾತ್ರ ಏರುತ್ತದೆ. ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ಮಕ್ಕಳು 1960ರ ದಶಕದಲ್ಲಿ ಕಾರು ಓಡಿಸುವ ವಯಸ್ಸಿಗೆ ಬಂದಿದ್ದರು. ಕೈಯಲ್ಲಿ ಸಂಪಾದನೆ ಇತ್ತು, ಪೆಟ್ರೋಲು ಅಗ್ಗವಾಗಿತ್ತು, ರಸ್ತೆಗಳು ನೇರವಾಗಿದ್ದವು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಈ ವೇಗದ ಕಾರುಗಳು ಹುಟ್ಟಿದ್ದು ವೇಗಕ್ಕೆ ಕಡಿವಾಣ ಹಾಕಿದ ಕಂಪನಿಯಲ್ಲೇ! ಜನರಲ್ ಮೋಟಾರ್ಸ್ 1963ರ ಆರಂಭದಲ್ಲಿ ತನ್ನ ಎಲ್ಲ ವಿಭಾಗಗಳೂ ಮೋಟಾರು ಪಂದ್ಯಗಳಿಂದ ದೂರ ಇರಬೇಕೆಂದು ಕಟ್ಟಪ್ಪಣೆ ಮಾಡಿತು. ಮಧ್ಯಮ ಗಾತ್ರದ ಕಾರುಗಳಿಗೆ ಇಂತಿಷ್ಟೇ ದೊಡ್ಡ ಎಂಜಿನ್ ಎಂಬ ಮಿತಿಯೂ ಇತ್ತು. ಪಾಂಟಿಯಾಕ್ ವಿಭಾಗದವರು ಈ ಬೇಲಿಯಲ್ಲಿ ಒಂದು ಕಂಡಿ ಕಂಡುಕೊಂಡರು. ಮಿತಿ ಇದ್ದದ್ದು ಕಾರಿಗೆ; ಗಿರಾಕಿ ಕೇಳಿದರೆ ಹೆಚ್ಚುವರಿ ಹಣಕ್ಕೆ ಒದಗಿಸುವ ಸಲಕರಣೆಗೆ ಅದು ಸ್ಪಷ್ಟವಾಗಿ ಅನ್ವಯಿಸುತ್ತಿರಲಿಲ್ಲ. ಹೀಗೆ 1964ರ ಟೆಂಪೆಸ್ಟ್ ಕಾರಿನಲ್ಲಿ 389 ಘನ ಅಂಗುಲದ ಎಂಜಿನ್ನನ್ನು ಹೆಚ್ಚುವರಿ ಸಲಕರಣೆಯ ನೆಪದಲ್ಲಿ ಕೂರಿಸಿ ಜಿ.ಟಿ.ಓ. ಎಂದು ಹೆಸರಿಟ್ಟರು. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಜಿ.ಟಿ.ಓ.ಗಳು ಮಾರಾಟವಾದವು. ಲಾಭ ಕಂಡ ಮೇಲೆ ಮೇಲಧಿಕಾರಿಗಳೂ ಸುಮ್ಮನಾದರು.

ಬ್ಯೂಯಿಕ್‌ನವರು ಸುಮ್ಮನಿರಲು ಸಾಧ್ಯವೇ? 1965ರಲ್ಲಿ ಅವರು ಸ್ಕೈಲಾರ್ಕ್ ಕಾರಿನ ಗ್ರ್ಯಾನ್ ಸ್ಪೋರ್ಟ್ ಎಂಬ ರೂಪವನ್ನು ಹೊರತಂದರು. ಜಿ.ಎಸ್. ಎಂಬುದು ಅದರ ಹ್ರಸ್ವರೂಪ. ಆ ಹೊತ್ತಿಗೆ ಕಂಪನಿಯ ಮಿತಿ 400 ಘನ ಅಂಗುಲಕ್ಕೆ ಏರಿತ್ತು. ಬ್ಯೂಯಿಕ್ ಬಳಿ ಇದ್ದ ಎಂಜಿನ್ನಿನ ನಿಜವಾದ ಗಾತ್ರ 401. ಒಂದು ಅಂಗುಲ ಹೆಚ್ಚು! ಕಾಗದದಲ್ಲಿ ಅದನ್ನು 400 ಎಂದೇ ಬರೆದರು, ಕೆಲಸ ಸಾಗಿತು. ಅಮೆರಿಕದ ಮೋಟಾರು ಉದ್ಯಮದಲ್ಲಿ ಆ ಕಾಲದ ಅಂಕಿಅಂಶಗಳನ್ನು ಹೇಗೆ ಓದಬೇಕೆಂಬುದಕ್ಕೆ ಈ ಒಂದು ಅಂಗುಲ ಒಳ್ಳೆಯ ಪಾಠ.

ಕಾಗದದ ಬಲ, ನೆಲದ ಬಲ

1970ರ ಮಾದರಿ ವರ್ಷಕ್ಕೆ ಜನರಲ್ ಮೋಟಾರ್ಸ್ ಈ 400ರ ಮಿತಿಯನ್ನು ತೆಗೆದುಹಾಕಿತು. ಪ್ರತಿಯೊಂದು ವಿಭಾಗವೂ ತನ್ನ ಅತಿ ದೊಡ್ಡ ಎಂಜಿನ್ನನ್ನು ಮಧ್ಯಮ ಕಾರಿಗೆ ತುರುಕಿತು. ಷೆವರ್ಲೆಯ ಷೆವೆಲ್ ಕಾರಿಗೆ 454 ಘನ ಅಂಗುಲದ ಎಂಜಿನ್ ಬಂದರೆ, ಬ್ಯೂಯಿಕ್ ಜಿ.ಎಸ್. ಕಾರಿಗೆ 455 ಬಂದಿತು. 455 ಘನ ಅಂಗುಲವೆಂದರೆ ಸುಮಾರು ಏಳೂವರೆ ಲೀಟರ್. ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಅಂಬಾಸಿಡರ್ ಕಾರಿನ ಎಂಜಿನ್ 1,489 ಸಿ.ಸಿ.ಯದು. ಅಂಥ ಐದು ಎಂಜಿನ್ನುಗಳನ್ನು ಒಟ್ಟುಗೂಡಿಸಿದರೆ ಬ್ಯೂಯಿಕ್‌ನ ಒಂದು ಎಂಜಿನ್ ಆಗುತ್ತದೆ ಎಂದರೆ ಗಾತ್ರದ ಅಂದಾಜು ಸಿಕ್ಕೀತು.

ಇದರ ಮೇಲೆ ಸುಮಾರು 200 ಡಾಲರ್ ಹೆಚ್ಚು ಕೊಟ್ಟರೆ 'ಸ್ಟೇಜ್ 1' ಎಂಬ ಸಲಕರಣೆ ದೊರೆಯುತ್ತಿತ್ತು. ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಬಿಡುವ, ಹೊಗೆಯನ್ನು ಹೊರಬಿಡುವ ವಾಲ್ವುಗಳನ್ನು ಅದರಲ್ಲಿ ಇನ್ನಷ್ಟು ಅಗಲ ಮಾಡಿದ್ದರು. ವಾಲ್ವು ತೆರೆಯುವ ಕ್ಯಾಮ್ ಬದಲಾಗಿತ್ತು, ಕಾರ್ಬ್ಯುರೇಟರನ್ನು ಹೊಸದಾಗಿ ಹೊಂದಿಸಿದ್ದರು. ಹೊರಗಿನಿಂದ ನೋಡಿದರೆ ಇದಾವುದೂ ಕಾಣುವಂತಿರಲಿಲ್ಲ. ಕಾರಿನ ಮೈಮೇಲೆ ಒಂದು ಪುಟ್ಟ ಬಿಲ್ಲೆ ಇತ್ತು, ಅಷ್ಟೆ.

ಬ್ಯೂಯಿಕ್ ಪ್ರಕಟಿಸಿದ ಸಂಖ್ಯೆಗಳ ಪ್ರಕಾರ ಸಾಧಾರಣ 455ಕ್ಕೆ 350 ಅಶ್ವಶಕ್ತಿ, ಸ್ಟೇಜ್ 1ಕ್ಕೆ 360. ಷೆವೆಲ್‌ನ ಅತಿ ಬಲಿಷ್ಠ 454 ಎಂಜಿನ್ನಿಗೆ ಅದೇ ವರ್ಷ 450 ಅಶ್ವಶಕ್ತಿ ಎಂದು ಪ್ರಕಟವಾಗಿತ್ತು. ಕ್ರೈಸ್ಲರ್ ಕಂಪನಿಯ ಪ್ರಸಿದ್ಧ 'ಹೆಮಿ' ಎಂಜಿನ್ನಿಗೆ 425. ಅರ್ಧಗೋಲಾಕಾರದ ದಹನಕೋಣೆ ಇರುವುದರಿಂದ ಅದಕ್ಕೆ ಆ ಹೆಸರು. ವೇಗಪ್ರಿಯರ ಪಾಲಿಗೆ ಅದು ಇಷ್ಟದೈವ. ಕಾಗದ ಓದುವವನಿಗೆ 450, 425 ಮತ್ತು 360ರಲ್ಲಿ ಯಾವುದು ಕಣ್ಣಿಗೆ ಬೀಳುತ್ತದೆ? ಉತ್ತರ ಹೇಳಬೇಕಾಗಿಲ್ಲ.

ಆದರೆ ಅದೇ ಕಾಗದದಲ್ಲಿ ಇನ್ನೊಂದು ಅಂಕಿ ಇತ್ತು. ಅದು ಟಾರ್ಕ್, ಎಂದರೆ ತಿರುಚುವ ಬಲ. ಬಿಗಿಯಾದ ನಟ್ಟನ್ನು ಚಿಕ್ಕ ಸ್ಪ್ಯಾನರಿನಿಂದ ತಿರುಗಿಸಲು ಹೆಣಗಾಡಿ, ಉದ್ದ ಹಿಡಿಯ ಸ್ಪ್ಯಾನರ್ ಹಾಕಿದಾಗ ಅದು ಸಲೀಸಾಗಿ ಸಡಿಲವಾಗುವುದನ್ನು ನೀವು ನೋಡಿರಬಹುದು. ನಟ್ಟನ್ನು ಅಲುಗಿಸಿದ ಆ ತಿರುಚುವಿಕೆಯೇ ಟಾರ್ಕ್. ನಿಂತ ಗಾಡಿಯನ್ನು ಜಗ್ಗಿ ಮುಂದಕ್ಕೆ ನೂಕುವುದು ಇದೇ. ಅಶ್ವಶಕ್ತಿಯ ಅತಿ ದೊಡ್ಡ ಅಂಕಿ ಎಂಜಿನ್ ಜೋರಾಗಿ ಗಿರಗಿರನೆ ತಿರುಗುವಾಗ ಸಿಗುವಂಥದು. ಟಾರ್ಕ್ ಮೊದಲ ಹೆಜ್ಜೆಯಲ್ಲೇ ಕೆಲಸಕ್ಕೆ ಬರುವಂಥದು.

ಬ್ಯೂಯಿಕ್ 455ರ ಟಾರ್ಕ್ 510 ಅಡಿ-ಪೌಂಡ್. ಷೆವೆಲ್‌ನದು 500, ಹೆಮಿಯದು 490. ಇನ್ನೂ ಮುಖ್ಯವಾದ ಸಂಗತಿ ಬೇರೆ. ಹೆಮಿ ತನ್ನ ಪೂರ್ಣ ಟಾರ್ಕ್ ಕೊಡಲು ನಿಮಿಷಕ್ಕೆ 4,000 ಸುತ್ತು ತಿರುಗಬೇಕಿತ್ತು. ಬ್ಯೂಯಿಕ್ 2,800 ಸುತ್ತುಗಳಲ್ಲೇ ಅದನ್ನು ಕೊಡುತ್ತಿತ್ತು. ಅದರ ಎಂಜಿನ್ನಿನ ಎರಕವೂ ಅದೇ ಗಾತ್ರದ ಇತರ ಎಂಜಿನ್ನುಗಳಿಗಿಂತ ಹಗುರವಾಗಿತ್ತು. ಡಾಕ್ಟರರ ಕಾರು ಸದ್ದಿಲ್ಲದೆ, ಸೊಗಸಾಗಿ ಹೊರಡಲಿ ಎಂದು ಬೆಳೆಸಿದ ಗುಣವೇ ಓಟದಲ್ಲಿಯೂ ಉಪಯೋಗಕ್ಕೆ ಬಂದಿತು.

360 ಎಂಬ ಅಂಕಿಯಾದರೂ ನಿಜವೇ? ಎಂಜಿನ್ನಿನ ನಿಜವಾದ ಶಕ್ತಿ 400 ಅಶ್ವಶಕ್ತಿ ದಾಟಿತ್ತೆಂಬುದು ಪರಿಣತರ ಸಾಮಾನ್ಯ ಅಭಿಪ್ರಾಯ. ಹೆಚ್ಚು ಶಕ್ತಿಯ ಕಾರುಗಳಿಗೆ ವಿಮಾ ಕಂಪನಿಗಳು ಅಂದು ಹೆಚ್ಚು ಕಂತು ಹೇರತೊಡಗಿದ್ದವು. ಹೀಗಾಗಿ ಶಕ್ತಿಯನ್ನು ಕಡಿಮೆ ಹೇಳುವುದರಲ್ಲಿ ತಯಾರಕರಿಗೂ ಲಾಭವಿತ್ತು, ಗಿರಾಕಿಗೂ ಲಾಭವಿತ್ತು. ನಷ್ಟವಾದದ್ದು ಕಾರಿನ ಕೀರ್ತಿಗೆ.

13.38 ಸೆಕೆಂಡು

ಕಾಗದದ ಅಂಕಿಗಳು ಹೀಗೆ ಅತ್ತಿತ್ತ ಎಳೆಯುವಾಗ ನಡುವೆ ನಿಂತದ್ದು ಮೋಟಾರು ಪತ್ರಿಕೆ ಮತ್ತು ಅದರ ಕೈಯಲ್ಲಿದ್ದ ಗಡಿಯಾರ. ಅಮೆರಿಕದಲ್ಲಿ 'ಹಾಟ್ ರಾಡ್' 1948ರಲ್ಲಿ, 'ಮೋಟಾರ್ ಟ್ರೆಂಡ್' 1949ರಲ್ಲಿ ಆರಂಭವಾದವು. 'ಕಾರ್ ಆ್ಯಂಡ್ ಡ್ರೈವರ್' ಕೂಡ ಅದೇ ಪಂಕ್ತಿಯದು. ಹೊಸ ಕಾರು ಬಂದೊಡನೆ ಅದನ್ನು ನೇರವಾದ ಕಾಲು ಮೈಲಿಯ ಪಟ್ಟಿಗೆ ಒಯ್ದು, ನಿಂತಲ್ಲಿಂದ ಹೊರಟು ಕೊನೆ ಮುಟ್ಟಲು ಎಷ್ಟು ಸೆಕೆಂಡು ಬೇಕೆಂದು ಅಳೆಯುವುದು ಈ ಪತ್ರಿಕೆಗಳ ರೂಢಿ. ಕಾಲು ಮೈಲಿ ಎಂದರೆ ಸುಮಾರು 402 ಮೀಟರ್. ಹೈಸ್ಕೂಲು ಹುಡುಗರೂ ಈ ಸೆಕೆಂಡುಗಳನ್ನು ಬಾಯಿಪಾಠ ಮಾಡಿಕೊಂಡು ವಾದಿಸುತ್ತಿದ್ದರು.

ಮೋಟಾರ್ ಟ್ರೆಂಡ್ ಪತ್ರಿಕೆ 1970ರ ಜನವರಿ ಸಂಚಿಕೆಯಲ್ಲಿ ಬ್ಯೂಯಿಕ್ ಸ್ಟೇಜ್ 1ರ ಪರೀಕ್ಷೆಯನ್ನು ಪ್ರಕಟಿಸಿತು. ಕಾಲು ಮೈಲಿಗೆ 13.38 ಸೆಕೆಂಡು, ಕೊನೆಯಲ್ಲಿ ಗಂಟೆಗೆ 105.5 ಮೈಲಿ ವೇಗ, ಎಂದರೆ ಸುಮಾರು 170 ಕಿಲೋಮೀಟರ್. ಹೆಮಿ, ಷೆವೆಲ್ ಮುಂತಾದ ಹೆಸರುವಾಸಿ ಕಾರುಗಳು ಅಂದಿನ ವಿವಿಧ ಪತ್ರಿಕೆಗಳ ಪರೀಕ್ಷೆಗಳಲ್ಲಿ ಹದಿಮೂರು ಮತ್ತು ಹದಿನಾಲ್ಕು ಸೆಕೆಂಡುಗಳ ನಡುವೆಯೇ ತೂಗಾಡುತ್ತಿದ್ದವು. ಡಾಕ್ಟರರ ಕಾರು ಅವುಗಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿತು!

ಇದರಿಂದ ಕೋಲಾಹಲ ಎದ್ದಿತೇ? ಇಲ್ಲ. ಅದೇ ಪತ್ರಿಕೆಯ ವರ್ಷದ ಕಾರು ಪ್ರಶಸ್ತಿ 1968ರಲ್ಲಿ ಪಾಂಟಿಯಾಕ್ ಜಿ.ಟಿ.ಓ.ಗೆ, 1969ರಲ್ಲಿ ಪ್ಲಿಮತ್ ರೋಡ್ ರನ್ನರ್‌ಗೆ ಸಂದಿತ್ತು. ಎರಡೂ ಸ್ನಾಯುಬಲದ ಕಾರುಗಳೇ. 1970ರ ಪ್ರಶಸ್ತಿ ಫೋರ್ಡ್ ಟೊರಿನೊ ಪಾಲಾಯಿತು. ಬ್ಯೂಯಿಕ್‌ಗೆ ಉಳಿದದ್ದು ಪುಟದ ಮೂಲೆಯ ಒಂದು ಅಂಕಿ.

ಬ್ಯೂಯಿಕ್ ಕೂಡ ತನ್ನ ಗಂಭೀರ ವೇಷ ಕಳಚಲು ಪ್ರಯತ್ನಪಟ್ಟಿತು. 1970ರಲ್ಲೇ ಜಿ.ಎಸ್.ಎಕ್ಸ್. ಎಂಬ ರೂಪವನ್ನು ಬಿಡುಗಡೆ ಮಾಡಿತು. ಕಣ್ಣು ಕೋರೈಸುವ ಹಳದಿ ಇಲ್ಲವೇ ಬಿಳಿ ಬಣ್ಣ, ಉದ್ದಕ್ಕೂ ಕಪ್ಪು ಪಟ್ಟೆ, ಹಿಂದೆ ಒಂದು ರೆಕ್ಕೆ. ಇದಕ್ಕೆ ಸುಮಾರು 1,200 ಡಾಲರ್ ಹೆಚ್ಚು ತೆರಬೇಕಿತ್ತು. ಆ ವರ್ಷ ತಯಾರಾದದ್ದು 678 ಮಾತ್ರ: ಹಳದಿ 491, ಬಿಳಿ 187. ಅವುಗಳಲ್ಲಿ 400 ಕಾರುಗಳಿಗೆ ಸ್ಟೇಜ್ 1 ಎಂಜಿನ್ ಇತ್ತು. ಅದೇ ವರ್ಷ ಪಾಂಟಿಯಾಕ್ ಜಿ.ಟಿ.ಓ. 40,000 ಮೀರಿತ್ತು. ವೇಗ ಬೇಕೆಂದ ಯುವಕ ಬ್ಯೂಯಿಕ್ ಷೋರೂಮಿಗೆ ಕಾಲಿಡಲಿಲ್ಲ. ಬ್ಯೂಯಿಕ್ ಷೋರೂಮಿಗೆ ಬಂದ ಹಿರಿಯರಿಗೆ ಹಳದಿ ಬಣ್ಣ, ಕಪ್ಪು ಪಟ್ಟೆ ಬೇಕಿರಲಿಲ್ಲ.

ಹಬ್ಬ ಮುಗಿಯಿತು

ಆ ಹೊತ್ತಿಗೆ ಹಬ್ಬವೂ ಮುಗಿಯುತ್ತ ಬಂದಿತ್ತು. ವಾಯುಮಾಲಿನ್ಯ ತಡೆಯುವ ಕಠಿಣ ಕಾನೂನಿಗೆ 1970ರ ಕೊನೆಯ ದಿನ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಸೀಸ ಕಡಿಮೆ ಇರುವ ಪೆಟ್ರೋಲಿಗೆ ಒಗ್ಗುವಂತೆ ಜನರಲ್ ಮೋಟಾರ್ಸ್ 1971ರಲ್ಲಿ ತನ್ನ ಎಂಜಿನ್ನುಗಳ ಒತ್ತಡವನ್ನು ತಗ್ಗಿಸಿತು. 1972ರಲ್ಲಿ ಶಕ್ತಿಯನ್ನು ಅಳೆಯುವ ಕ್ರಮವೇ ಬದಲಾಯಿತು. ಅದಕ್ಕೆ ಮೊದಲು ಎಂಜಿನ್ನನ್ನು ಕಾರಿನಿಂದ ಹೊರಗೆ, ಸೈಲೆನ್ಸರ್ ಮುಂತಾದ ಹೊರೆಗಳಿಲ್ಲದೆ ಅಳೆಯುತ್ತಿದ್ದರು. ಆ ಮೇಲೆ ಎಲ್ಲ ಹೊರೆಗಳನ್ನೂ ಹೊರಿಸಿ ಅಳೆದರು. ಸ್ಟೇಜ್ 1ರ ಅಂಕಿ 270ಕ್ಕೆ ಇಳಿಯಿತು. ಜಿ.ಎಸ್.ಎಕ್ಸ್. 1971ರಲ್ಲಿ 124, 1972ರಲ್ಲಿ ಬರೀ 44 ತಯಾರಾದವು.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಪೆಟ್ರೋಲ್ ಬಂಕುಗಳ ಮುಂದೆ ಉದ್ದುದ್ದ ಸಾಲು. ಏಳೂವರೆ ಲೀಟರಿನ ಎಂಜಿನ್ ಯಾರಿಗೆ ಬೇಕು? ಬಕಾಸುರನನ್ನು ಮನೆಯಲ್ಲಿ ಸಾಕಿದಂತೆ. ನಿನ್ನೆಯ ವೀರರು ಹಳೆ ಕಾರುಗಳ ವ್ಯಾಪಾರಿಯ ಅಂಗಳದಲ್ಲಿ ಬಿಸಿಲು ಕಾಯತೊಡಗಿದರು. ಹೆಸರಿದ್ದ ಜಿ.ಟಿ.ಓ., ಹೆಮಿಗಳನ್ನು ಕೆಲವರಾದರೂ ಪ್ರೀತಿಯಿಂದ ಉಳಿಸಿಕೊಂಡರು. ಬ್ಯೂಯಿಕ್ ಉಳಿಸಿಕೊಳ್ಳಬೇಕೆಂದು ಹೊಳೆದವರು ಇನ್ನೂ ಕಡಿಮೆ.

ಹಳೆಯ ಪುಟ, ಹೊಸ ಜಗಳ

1980ರ ದಶಕದಲ್ಲಿ ಗಾಳಿ ಮತ್ತೆ ತಿರುಗಿತು. ಹರೆಯದಲ್ಲಿ ಆ ಕಾರುಗಳನ್ನು ಆಸೆಗಣ್ಣಿನಿಂದ ನೋಡಿದವರ ಕೈಯಲ್ಲಿ ಈಗ ಹಣವಿತ್ತು. ಹಳೆಯ ಕಾರುಗಳಿಗಾಗಿಯೇ ಹೊಸ ಪತ್ರಿಕೆಗಳು ಹುಟ್ಟಿದವು. ಅವುಗಳಲ್ಲೊಂದು 'ಮಸಲ್ ಕಾರ್ ರಿವ್ಯೂ'. ಆ ದಶಕದ ನಡುಭಾಗದಲ್ಲಿ ಆ ಪತ್ರಿಕೆ ಒಂದು ಸರಳ ಕೆಲಸ ಮಾಡಿತು. ಹಳೆಯ ಪತ್ರಿಕೆಗಳ ಪರೀಕ್ಷೆಗಳನ್ನು ಕಲೆಹಾಕಿ, ಕಾಲು ಮೈಲಿಯ ಸೆಕೆಂಡುಗಳನ್ನು ಒಂದರ ಕೆಳಗೊಂದು ಬರೆದು, ಅತಿ ವೇಗದ 50 ಕಾರುಗಳ ಪಟ್ಟಿಯನ್ನು ಅಚ್ಚು ಹಾಕಿತು.

ಪಟ್ಟಿಯ ಮೇಲ್ತುದಿಯ ಕಾರುಗಳ ನಡುವೆ ಬ್ಯೂಯಿಕ್ ಸ್ಟೇಜ್ 1 ನಿಂತಿತ್ತು. ಓದುಗರು ಕಣ್ಣುಜ್ಜಿಕೊಂಡರು. ಹೆಮಿ ಅಭಿಮಾನಿಗಳು ಸಿಟ್ಟಾದರು. ತಮ್ಮ ಇಷ್ಟದೈವದ ಸರಿಸಮಕ್ಕೆ ಅಪ್ಪಂದಿರ ಕಾರನ್ನು ಕೂರಿಸುವುದೆಂದರೇನು? ಬ್ಯೂಯಿಕ್ ಮಾಲೀಕರೂ ಬಿಟ್ಟುಕೊಡಲಿಲ್ಲ. ಅವರು ಇಷ್ಟು ವರ್ಷ ಹೇಳುತ್ತ ಬಂದದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅಚ್ಚಾದ ಸಾಕ್ಷಿ ಕೈಯಲ್ಲಿತ್ತು. ಹೆಮಿಯೋ ಬ್ಯೂಯಿಕ್ಕೋ ಎಂಬ ವಾದ ಹಳೆ ಕಾರುಗಳ ಲೋಕದಲ್ಲಿ ವರ್ಷಗಟ್ಟಲೆ ನಡೆಯಿತು.

ಗಮನಿಸಿ. ಪಟ್ಟಿ ಮಾಡಿದವರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. 13.38 ಎಂಬ ಅಂಕಿ 1970ರ ಜನವರಿಯಿಂದಲೂ ಅಲ್ಲೇ ಇತ್ತು. ತಿಂಗಳು ಮುಗಿದೊಡನೆ ರದ್ದಿಗೆ ಹೋಗುವ ಪತ್ರಿಕೆಯಲ್ಲಿ ಅದು ಅಚ್ಚಾಗಿತ್ತು. ಯಾರೋ ಆ ಸಂಚಿಕೆಯನ್ನು ರದ್ದಿಗೆ ಹಾಕದೆ ಉಳಿಸಿದ್ದರು. ಬೇರೆ ಬೇರೆ ಪುಟಗಳಲ್ಲಿ ಚದುರಿದ್ದ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟ ಕ್ಷಣ ಹೆಸರಿನ ಪರದೆ ಸರಿಯಿತು. ಅಂಕಿಗೆ ಯಾವುದು ಡಾಕ್ಟರರ ಕಾರು, ಯಾವುದು ಹುಡುಗರ ಕಾರು ಎಂಬ ಭೇದ ಗೊತ್ತಿಲ್ಲ.

ಗಡಿಯಾರವನ್ನೂ ನಂಬಬಹುದೇ?

ಹಾಗೆಂದು ಅಚ್ಚಾದದ್ದೆಲ್ಲ ಸತ್ಯವೆಂದು ಹೊರಟರೆ ಇನ್ನೊಂದು ಹಳ್ಳಕ್ಕೆ ಬಿದ್ದಂತೆ. ಹೆಮಿ ಅಭಿಮಾನಿಗಳ ಆಕ್ಷೇಪದಲ್ಲಿ ತಿರುಳಿತ್ತು. ಒಂದು ಕಾರನ್ನು ತಂಪಾದ ಮುಂಜಾನೆ ಓಡಿಸಿರಬಹುದು, ಇನ್ನೊಂದನ್ನು ಉರಿಬಿಸಿಲಿನಲ್ಲಿ. ತಂಪಾದ ಗಾಳಿ ದಟ್ಟವಾಗಿರುವುದರಿಂದ ಎಂಜಿನ್ ಹೆಚ್ಚು ಬಲ ಕೊಡುತ್ತದೆ. ಚಾಲಕನ ಕೈಚಳಕ ಬೇರೆ, ಟೈರಿನ ಹಿಡಿತ ಬೇರೆ. ಹೆಮಿಯಂಥ ಎಂಜಿನ್ನನ್ನು ಚೆನ್ನಾಗಿ ಹದ ಮಾಡದಿದ್ದರೆ ಅದರ ಪೂರ್ಣ ಶಕ್ತಿ ಹೊರಬರುವುದೇ ಇಲ್ಲ. ಒಂದೊಂದು ಪತ್ರಿಕೆ ಒಂದೊಂದು ದಿನ ಅಳೆದ ಸೆಕೆಂಡುಗಳನ್ನು ಒಂದೇ ತಕ್ಕಡಿಗೆ ಹಾಕುವುದು ಎಷ್ಟರಮಟ್ಟಿಗೆ ಸರಿ?

ಇದಕ್ಕಿಂತ ಗಂಭೀರವಾದ ದೋಷವೊಂದಿದೆ. ಪತ್ರಿಕೆಗಳಿಗೆ ಪರೀಕ್ಷೆಯ ಕಾರುಗಳನ್ನು ಒದಗಿಸುತ್ತಿದ್ದವರು ಸಾಮಾನ್ಯವಾಗಿ ತಯಾರಕರೇ. ಇದರ ಅತಿ ಪ್ರಸಿದ್ಧ ಉದಾಹರಣೆ 1964ರದು. ಆ ವರ್ಷದ ಮಾರ್ಚ್ ತಿಂಗಳ ಕಾರ್ ಆ್ಯಂಡ್ ಡ್ರೈವರ್ ಪತ್ರಿಕೆಯ ಮುಖಪುಟದಲ್ಲಿ ಪಾಂಟಿಯಾಕ್ ಜಿ.ಟಿ.ಓ. ಮತ್ತು ಇಟಲಿಯ ಫೆರಾರಿ ಜಿ.ಟಿ.ಓ. ಅಕ್ಕಪಕ್ಕ ಓಡುವ ಚಿತ್ರವಿತ್ತು. ಅದು ಛಾಯಾಚಿತ್ರವಲ್ಲ, ಕಲಾವಿದರು ಬರೆದ ಚಿತ್ರ. ಎರಡು ಕಾರುಗಳೂ ಎದುರುಬದುರಾಗಿ ಓಡಿರಲೇ ಇಲ್ಲ. ಪಾಂಟಿಯಾಕ್‌ನ ಪ್ರಚಾರದ ರೂವಾರಿ ಜಿಮ್ ವ್ಯಾಂಗರ್ಸ್ 1998ರಲ್ಲಿ ಹೊರತಂದ ತಮ್ಮ ನೆನಪುಗಳ ಪುಸ್ತಕದಲ್ಲಿ ಇನ್ನೊಂದು ಗುಟ್ಟನ್ನು ಒಪ್ಪಿಕೊಂಡರು. ಪತ್ರಿಕೆಗೆ ಕೊಟ್ಟ ಕಾರಿನಲ್ಲಿ ಇದ್ದದ್ದು 389 ಘನ ಅಂಗುಲದ ಎಂಜಿನ್ನಲ್ಲ, ಹೊರಗಿನಿಂದ ಅದರಂತೆಯೇ ಕಾಣುವ 421ರ ಎಂಜಿನ್! ಆ ಲೇಖನವೇ ಜಿ.ಟಿ.ಓ. ಕೀರ್ತಿಗೆ ಮೊದಲ ಮೆಟ್ಟಿಲಾಗಿತ್ತು.

ಹಾಗಾದರೆ ಬ್ಯೂಯಿಕ್‌ನ 13.38ಕ್ಕೆ ಏನು ಬೆಲೆ? ಒಂದು ದಿನದ ಒಂದು ಓಟಕ್ಕೆ ಇರುವಷ್ಟೇ ಬೆಲೆ. ಅದು ತೀರ್ಪಲ್ಲ, ಸಾಕ್ಷಿ. ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡಬೇಕು. ಆ ಪಾಟೀಸವಾಲು ನಂತರ ನಡೆದೂ ಇದೆ. ಮಿಷಿಗನ್ ರಾಜ್ಯದ ಸ್ಟ್ಯಾಂಟನ್ ಎಂಬಲ್ಲಿ 1990ರ ದಶಕದ ನಡುಭಾಗದಿಂದ ಹಳೆಯ ಮಸಲ್ ಕಾರುಗಳ ಓಟವೊಂದು ನಡೆಯುತ್ತ ಬಂದಿತು. ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಆ ರೂಪಕ್ಕೆ ಆದಷ್ಟು ಹತ್ತಿರವಿರುವ ಕಾರುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಒಂದೇ ದಿನ, ಒಂದೇ ಪಟ್ಟಿ, ಒಂದೇ ಗಾಳಿ. ಸ್ಟೇಜ್ 1 ಬ್ಯೂಯಿಕ್‌ಗಳು ಅಲ್ಲಿ ಮುಂಚೂಣಿಯ ಗುಂಪಿನಲ್ಲೇ ಓಡಿ ತೋರಿಸಿವೆ. 1970ರ ಆ ಅಂಕಿ ಆಕಾಶದಿಂದ ಬಿದ್ದದ್ದಲ್ಲವೆಂಬುದಕ್ಕೆ ಇಷ್ಟು ಸಾಕು.

ಮನ್ನಣೆಯ ಫಲ

ಮನ್ನಣೆ ಬಂದ ಮೇಲೆ ಏನಾಯಿತು? ಮೊದಲನೆಯದಾಗಿ ಉಳಿದ ಕಾರುಗಳು ಬದುಕಿದವು. ತುಕ್ಕು ಹಿಡಿದು ಹಿತ್ತಲಿನಲ್ಲಿ ನಿಂತದ್ದಕ್ಕೂ ಬೆಲೆ ಬಂದಿತು. ಎಲ್ಲಕ್ಕಿಂತ ದೊಡ್ಡ ಬೆಲೆ ಹೆಮಿಗೇ ಎಂಬುದು ನಿಜ. 1971ರಲ್ಲಿ ಬರೀ 11 ತಯಾರಾದ, ಮೇಲ್ಛಾವಣಿ ಮಡಚುವ ಹೆಮಿ ಕುಡಾ ಕಾರುಗಳಲ್ಲೊಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಬ್ಯೂಯಿಕ್ ಆ ಎತ್ತರ ಮುಟ್ಟಿಲ್ಲ. ಆದರೆ ಅಪ್ಪಂದಿರ ಕಾರೆಂದು ಅದನ್ನು ಕಡೆಗಣಿಸುವವರು ಈಗ ಆ ಲೋಕದಲ್ಲಿ ಇಲ್ಲ.

ಎರಡನೆಯದಾಗಿ, ಬೆಲೆ ಬಂದಲ್ಲಿ ನಕಲಿಯೂ ಬರುತ್ತದೆ. ಸಾಧಾರಣ ಸ್ಕೈಲಾರ್ಕಿಗೆ ಹಳದಿ ಬಣ್ಣ ಬಳಿದು, ಕಪ್ಪು ಪಟ್ಟೆ ಎಳೆದು, ಬಿಲ್ಲೆ ಅಂಟಿಸಿ ಜಿ.ಎಸ್.ಎಕ್ಸ್. ಎಂದು ಮಾರುವುದು ಅಸಾಧ್ಯವೇನಲ್ಲ. ಆದ್ದರಿಂದ ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ ಎಂಜಿನ್ನಿನ ಮೈಮೇಲೆ ಒತ್ತಿದ ಸಂಕೇತಾಕ್ಷರಗಳನ್ನು, ಮೊದಲ ಮಾರಾಟದ ಕಾಗದಗಳನ್ನು ಹುಡುಕುತ್ತಾರೆ. ಇಲ್ಲಿಯೂ ಕೊನೆಗೆ ಬೇಕಾಗುವುದು ಯಾರೋ ಹಿಂದೆ ಕಾಳಜಿಯಿಂದ ಬರೆದಿಟ್ಟ ದಾಖಲೆ.

ಮೂರನೆಯದು ಬ್ಯೂಯಿಕ್‌ನ ಮಾತು. ಅದೇ 1980ರ ದಶಕದಲ್ಲಿ ಕಂಪನಿ ಪುನಃ ಒಂದು ಅನಿರೀಕ್ಷಿತ ಕಾರನ್ನು ಕೊಟ್ಟಿತು. ರೀಗಲ್ ಎಂಬ ಸಾಧು ಕಾರಿಗೆ ಟರ್ಬೊ ಅಳವಡಿಸಿದ ಆರು ಸಿಲಿಂಡರಿನ ಎಂಜಿನ್ ಕೂರಿಸಿ, ಕಪ್ಪು ಬಣ್ಣ ಬಳಿದು, ಗ್ರ್ಯಾಂಡ್ ನ್ಯಾಷನಲ್ ಎಂದು ಹೆಸರಿಟ್ಟಿತು. ಅದರ ಕೊನೆಯ, ಅತಿ ಬಲಿಷ್ಠ ರೂಪವಾದ ಜಿ.ಎನ್.ಎಕ್ಸ್. 1987ರಲ್ಲಿ 547 ಮಾತ್ರ ತಯಾರಾಯಿತು. ಈ ಬಾರಿ ಜನ ಹದಿನೈದು ವರ್ಷ ಕಾಯಲಿಲ್ಲ. ಹೊಸದಿರುವಾಗಲೇ ಪತ್ರಿಕೆಗಳು ಅದನ್ನು ಹೊಗಳಿದವು, ಹೊಸದಿರುವಾಗಲೇ ಕೆಲವರು ಅದನ್ನು ಕೊಂಡು ಜೋಪಾನವಾಗಿಟ್ಟರು.

ಯಾರ ಕೀರ್ತಿ?

ಕೊನೆಯದಾಗಿ ಫ್ಲಿಂಟ್ ಎಂಬ ಊರಿನ ವಿಷಯ. ಮಿಷಿಗನ್ ರಾಜ್ಯದ ಈ ಊರೇ ಬ್ಯೂಯಿಕ್‌ನ ತವರು. ತಲೆಮಾರುಗಳ ಕಾಲ ಆ ಊರಿನ ಗಂಡಸರು, ಹೆಂಗಸರು ಅಲ್ಲಿ ಕಬ್ಬಿಣ ಎರಕ ಹೊಯ್ದರು, ಎಂಜಿನ್ ಜೋಡಿಸಿದರು. ಬ್ಯೂಯಿಕ್ ಸಿಟಿ ಎಂದು ಹೆಸರಾದ ಆ ದೊಡ್ಡ ಕಾರ್ಖಾನೆಯಲ್ಲಿ ಕಾರುಗಳ ತಯಾರಿಕೆ 1999ರಲ್ಲಿ ನಿಂತಿತು. ಶೆಡ್ಡುಗಳನ್ನು ಕೆಡವಿದರು. ಕೆಲಸ ಹೋದ ಮೇಲೆ ಜನರೂ ಚದುರಿದರು.

ಸ್ಟೇಜ್ 1ರ ಎಂಜಿನ್ನಿನ ವಾಲ್ವನ್ನು ಎಷ್ಟು ಅಗಲ ಮಾಡಬೇಕೆಂದು ಲೆಕ್ಕ ಹಾಕಿದವರ, ಎರಕವನ್ನು ಹಗುರ ಮಾಡಿದವರ, ಸಾಲಿನಲ್ಲಿ ನಿಂತು ಬೋಲ್ಟು ಬಿಗಿದವರ ಹೆಸರುಗಳು ಹೆಚ್ಚಿನವು ಯಾರಿಗೂ ಗೊತ್ತಿಲ್ಲ. ತಮ್ಮ ಕೈಕೆಲಸ ಎಷ್ಟು ಒಳ್ಳೆಯದೆಂದು ಅವರಿಗೆ ಗೊತ್ತಿತ್ತು, ಲೋಕಕ್ಕೆ ಗೊತ್ತಿರಲಿಲ್ಲ. ಕಂಪನಿಯ ಜಾಹೀರಾತು ಅದನ್ನು ಹೇಳಲಾರದೆ ಹೋಯಿತು, ಪ್ರಶಸ್ತಿ ಬೇರೆಯವರ ಪಾಲಾಯಿತು. ಹೇಳಿದ್ದು ಒಂದು ತಿಂಗಳ ಪತ್ರಿಕೆಯ ಒಂದು ಸಾಲು. ಅದನ್ನು ಬರೆದವನು ಅಂದು ಅಂಥ ದೊಡ್ಡ ಕೆಲಸ ಮಾಡುತ್ತಿದ್ದೇನೆಂದು ಭಾವಿಸಿರಲಾರ. ಓಡಿಸಿದ, ಗಡಿಯಾರ ನೋಡಿದ, ಕಂಡದ್ದನ್ನು ಬರೆದ.

ಹೊಗಳಿಕೆ ಬೇಗ ಹಳತಾಗುತ್ತದೆ. ಅಳೆದು ಬರೆದ ಮಾತಿಗೆ ಆಯುಸ್ಸು ಹೆಚ್ಚು. ಅದು ತಕ್ಷಣ ಯಾರ ಕಣ್ಣಿಗೂ ಬೀಳದಿರಬಹುದು. ಆದರೆ ಬರೆದಿಟ್ಟಿದ್ದರೆ ತಾನೆ ಒಂದು ದಿನ ಯಾರಾದರೂ ಹುಡುಕಿಕೊಂಡು ಬರಲು ಸಾಧ್ಯ? ಕಡೆಗಣಿಸಲ್ಪಟ್ಟ ಎಷ್ಟೋ ಒಳ್ಳೆಯ ಕೆಲಸಗಳು ಕಾಯುತ್ತಿರುವುದು ಇಂಥ ಒಂದು ಪ್ರಾಮಾಣಿಕ ಸಾಲಿಗಾಗಿ.